ಚೀಟಿ ವಾಪಸ್ ಬಂತಾ?

ಕಳೆದ ತಿಂಗಳು ನಮ್ಮ ತಾಲ್ಲೂಕು ಗ್ರಂಥಾಲಯದಲ್ಲಿ ಆಡಿದ ಮಾತು ಇದು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಮಾಡಿಲ್ಲ.

ಎಲ್ಲರಿಗೂ ನಮಸ್ಕಾರ. ಆಶಾ ಅಕ್ಕಂದಿರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಮುಂದೆ ಬನ್ನಿ ಅಂದರೆ ಬರಲಿಲ್ಲ. ಮಧ್ಯದಲ್ಲಿ ಫೋನ್ ಬಂದರೆ ಎದ್ದು ಹೋಗಬೇಕಲ್ಲ, ಅದಕ್ಕೇ ಅಂತ ಗೊತ್ತು. ಪರವಾಗಿಲ್ಲ, ಹಿಂದಿನ ಸಾಲಿಗೆ ಕೇಳುವ ಹಾಗೆ ಮಾತಾಡುತ್ತೇನೆ.

ಆಹ್ವಾನ ಪತ್ರಿಕೆಯಲ್ಲಿ 'ಗ್ರಾಮೀಣ ಆರೋಗ್ಯದಲ್ಲಿ ಸಹಯೋಗ ಜಾಲಗಳು' ಅಂತ ಅಚ್ಚು ಹಾಕಿಸಿದ್ದಾರೆ. ಓದಿ ನನಗೇ ಸ್ವಲ್ಪ ಭಯ ಆಯಿತು. ಜಾಲ ಅಂದ ಕೂಡಲೇ ಟವರ್ರು, ಕಂಪ್ಯೂಟರ್ರು, ಆ್ಯಪು ನೆನಪಾಗುತ್ತವೆ. ಅದೆಲ್ಲ ನನಗೆ ಅಷ್ಟು ಗೊತ್ತಿಲ್ಲ. ನನಗೆ ಗೊತ್ತಿರುವುದು ಚೀಟಿ. ರೆಫರ್ ಚೀಟಿ.

ಹಳೇ ಮೈಸೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸುಮಾರು ಹದಿನಾಲ್ಕು ವರ್ಷ ಡಾಕ್ಟರಾಗಿದ್ದೆ. ಸರ್ಕಾರದ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ 30,000 ಜನಕ್ಕೆ ಇಂಥ ಒಂದು ಕೇಂದ್ರ. ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಅಷ್ಟೂ ಜನಕ್ಕೆ ಎಷ್ಟೋ ಸಲ ಒಬ್ಬನೇ ಡಾಕ್ಟರ್. ನನ್ನ ಕೈಲಿ ಆಗದ್ದನ್ನು ಮೇಲಕ್ಕೆ ಬರೆದುಕೊಡುತ್ತಿದ್ದೆ. ಊರವರ ಮಾತಲ್ಲಿ ಹೇಳುವುದಾದರೆ, 'ಡಾಕ್ಟ್ರು ದೊಡ್ಡಾಸ್ಪತ್ರೆಗೆ ಬರ್ಕೊಟ್ರು'. ಬರೆದುಕೊಟ್ಟ ಮೇಲೆ ನನ್ನ ಕೆಲಸ ಮುಗಿಯಿತು ಅಂತ ತುಂಬಾ ವರ್ಷ ನಂಬಿದ್ದೆ.

ಒಂದು ಸೋಮವಾರ. ಓಪಿಡಿ ಮುಗಿಯುವ ಹೊತ್ತು. ಒಬ್ಬ ಹೆಂಗಸು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಮೂರು ವಾರದ ಹಿಂದೆ ಆಕೆಯ ಗಂಡನನ್ನು ನಾನೇ ಬರೆದುಕೊಟ್ಟು ಕಳಿಸಿದ್ದೆ. ಕಾಲು ಊತ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕವರ್ ಒಳಗೆ ಒಂದು ಎಕ್ಸ್‌ರೇ, ಸುರುಳಿ ಸುತ್ತಿದ ಇಸಿಜಿ ಕಾಗದ, ಮಾತ್ರೆಯ ಖಾಲಿ ಹಾಳೆಗಳು, ನಾಲ್ಕು ಪುಟದ ಡಿಸ್ಚಾರ್ಜ್ ಕಾಗದ. ಪೂರ್ತಿ ಇಂಗ್ಲಿಷು. 'ಸಾರ್, ಇದ್ರಲ್ಲಿ ಏನ್ ಬರ್ದವ್ರೆ ಅಂತ ಓದಿ ಹೇಳಿ' ಅಂದರು. ಹೃದಯದ ಪಂಪ್ ಸೋತಿದೆ, ಮಾತ್ರೆ ಜೀವನಪೂರ್ತಿ ಬೇಕು ಅಂತ ಬರೆದಿತ್ತು. ಹತ್ತು ದಿನದ ಮಾತ್ರೆ ಕೊಟ್ಟು ಕಳಿಸಿದ್ದರು. ಅದು ಮುಗಿಯಿತು. ಊತ ಇಳಿದಿತ್ತು, ವಾಸಿಯಾಯಿತು ಅಂದುಕೊಂಡು ಇವರು ಸುಮ್ಮನಾದರು. ಈಗ ಮತ್ತೆ ಊದಿದೆ.

ಆ ಕಾಗದದಲ್ಲಿ ಬರೆದಿದ್ದ ಮೂರು ಮಾತ್ರೆಯಲ್ಲಿ ಎರಡು ನನ್ನ ಔಷಧ ಕೋಣೆಯಲ್ಲೇ ಇದ್ದವು. ನನಗೆ ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಬರೆಯಲಿಲ್ಲ. ನನಗೆ ರೇಗಿತು. ಆ ವಾರವೇ ಆಶಾ ಸಭೆ ಇತ್ತು. ಅಲ್ಲಿ ದೊಡ್ಡಾಸ್ಪತ್ರೆಯವರನ್ನು ಚೆನ್ನಾಗಿ ಬೈದೆ. ನಾವು ಕಳಿಸಿದ ರೋಗಿ ಏನಾದ ಅಂತ ಒಂದು ಮಾತು ಹೇಳಲ್ಲ, ನಾವೇನು ಪೋಸ್ಟ್ ಡಬ್ಬನಾ ಅಂದೆ. ಎಲ್ಲರೂ ತಲೆ ಆಡಿಸಿದರು. ಒಬ್ಬಾಕೆ ಆಡಿಸಲಿಲ್ಲ.

'ಸಾರ್, ಬೇಜಾರ್ ಮಾಡ್ಕೋಬೇಡಿ. ನಾನು ನಿಮ್ಮತ್ರ ಕಳಿಸಿದೋರು ಏನಾದ್ರು ಅಂತ ನೀವು ಯಾವತ್ತಾದ್ರೂ ನನ್ಗೆ ಹೇಳಿದ್ದೀರಾ?'

ಹೇಳಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು.

ಹಳ್ಳಿಯವರಿಗೆ ತಿಳಿವಳಿಕೆ ಕಮ್ಮಿ, ಕಾಯಿಲೆ ಮುಚ್ಚಿಟ್ಟುಕೊಳ್ಳುತ್ತಾರೆ, ಕೊನೇ ಗಳಿಗೆಯಲ್ಲಿ ಬರುತ್ತಾರೆ ಅಂತ ನಾವು ಡಾಕ್ಟರುಗಳು ಹೇಳುತ್ತಲೇ ಇರುತ್ತೇವೆ. ಈ ಮಾತು ಎಷ್ಟು ನಿಜ ಅಂತ ಅರವತ್ತು ವರ್ಷದ ಹಿಂದೆಯೇ ನಮ್ಮ ತುಮಕೂರಿನಲ್ಲಿ ಪರೀಕ್ಷೆ ಆಗಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಅನ್ನುವವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಪತ್ತೆಯಾದ ಜನರನ್ನು ಮಾತಾಡಿಸಿದರು. ನಿಮಗೆ ಏನೋ ಆಗಿದೆ ಅಂತ ಗೊತ್ತಾಗಿತ್ತಾ, ಗೊತ್ತಾದ ಮೇಲೆ ಏನು ಮಾಡಿದಿರಿ ಅಂತ ಕೇಳಿದರು. 1963ರಲ್ಲಿ ಅದು ಪ್ರಕಟವಾಯಿತು. ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಾಗಿತ್ತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ.

ಅಂದರೆ ರೋಗಿ ಬಂದಿದ್ದ. ನಾವು ವಾಪಸ್ ಕಳಿಸಿದ್ದೆವು. ಕ್ಷಯ ಕಾರ್ಯಕ್ರಮವನ್ನು ಬೇರೆ ದೊಡ್ಡ ಕ್ಷಯದಾಸ್ಪತ್ರೆಗಳಲ್ಲಿ ಕಟ್ಟುವ ಬದಲು, ಜನ ಕೆಮ್ಮಿಕೊಂಡು ಬರುವ ಮಾಮೂಲಿ ಆಸ್ಪತ್ರೆಯಲ್ಲೇ ಕಫ ನೋಡುವ ಸೂಕ್ಷ್ಮದರ್ಶಕ ಇಡಬೇಕು ಅನ್ನುವ ಯೋಚನೆ ಆ ಕಾಲದ್ದು. ಇಡೀ ದೇಶದ ಕ್ಷಯ ಕಾರ್ಯಕ್ರಮ ಅದರ ಮೇಲೆ ನಿಂತಿತು.

ಈಗ ಯಳಂದೂರಿಗೆ ಬರೋಣ. ನನಗೆ ಇಷ್ಟವಾದ ಕಥೆ ಇದು, ಸ್ವಲ್ಪ ಉದ್ದ ಹೇಳುತ್ತೇನೆ.

ಚಾಮರಾಜನಗರ ಜಿಲ್ಲೆ, ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಸಣ್ಣ ತಾಲ್ಲೂಕು. ಬೆಟ್ಟದ ಮೇಲೆ ಡಾ. ಎಚ್. ಸುದರ್ಶನ್ ಅವರು ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಸಣ್ಣ ಹಳ್ಳಿಗಳಲ್ಲಿ, ಕೆಲಸ ಮಾಡುತ್ತಾ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ನಿಮಗೆಲ್ಲ ಗೊತ್ತು. ಬೆಟ್ಟದ ಕೆಳಗೆ ಯಳಂದೂರಿನಲ್ಲಿ ಆಗ ಕುಷ್ಠ ಜಾಸ್ತಿ. 1987ರ ಹೊತ್ತಿಗೆ ಸಾವಿರಕ್ಕೆ ಇಪ್ಪತ್ತೊಂದು ಜನಕ್ಕಿಂತ ಹೆಚ್ಚು. ಅದಕ್ಕಾಗಿಯೇ ಕರುಣಾ ಟ್ರಸ್ಟ್ ಶುರುವಾಯಿತು. ಕುಷ್ಠದ ಕೆಲಸ ಅಂದರೆ ಮನೆ ಮನೆ ಸುತ್ತುವ ಕೆಲಸ. ಅಂಗಿ ಬಿಚ್ಚಿಸಿ ಬೆನ್ನು ನೋಡಬೇಕು, ಮಚ್ಚೆ ಮುಟ್ಟಿ ಸ್ಪರ್ಶ ಇದೆಯಾ ಅಂತ ಕೇಳಬೇಕು. ನಂಬಿಕೆ ಇಲ್ಲದೆ ಯಾರು ಬೆನ್ನು ತೋರಿಸುತ್ತಾರೆ ಹೇಳಿ. ಕಾಯಿಲೆ ಕಡಿಮೆಯಾಗುತ್ತಾ ಬಂತು. ಗಳಿಸಿದ ನಂಬಿಕೆ ಉಳಿಯಿತು. ಅದೇ ದಾರಿಯಲ್ಲಿ ಆಮೇಲೆ ಕ್ಷಯದ ಕೆಲಸ ನಡೆಯಿತು, ಮೂರ್ಛೆರೋಗದ ಕೆಲಸ ನಡೆಯಿತು.

ಮೂರ್ಛೆರೋಗದಲ್ಲಿ ಜೊತೆಯಾದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಗಾರರು. ತಾಲ್ಲೂಕಿನ ಸುಮಾರು 65,000 ಜನರ ಮನೆ ಬಾಗಿಲಿಗೆ ಹೋಗಿ ಸಮೀಕ್ಷೆ ಮಾಡಿದರು. ಸಾವಿರಕ್ಕೆ ಹೆಚ್ಚುಕಡಿಮೆ ಐದು ಜನಕ್ಕೆ ಮೂರ್ಛೆ ಇತ್ತು. ಅದರಲ್ಲಿ ನೂರಕ್ಕೆ ಸುಮಾರು ಏಳು ಮಂದಿಯದು ಬಿಸಿನೀರಿನ ಮೂರ್ಛೆ.

ಇದನ್ನು ಬಿಡಿಸಿ ಹೇಳಬೇಕು. ಹಬ್ಬದ ದಿನ. ತಲೆಗೆ ಎಣ್ಣೆ ಒತ್ತಿ ಮಗುವನ್ನು ಬಚ್ಚಲಲ್ಲಿ ಕೂರಿಸಿದ್ದಾರೆ. ಹಂಡೆ ನೀರು ಹೊಗೆಯಾಡುತ್ತಿದೆ. ಅಜ್ಜಿ ಒಂದರ ಹಿಂದೆ ಒಂದು ಚೊಂಬು ತಲೆ ಮೇಲೆ ಸುರಿಯುತ್ತಾರೆ, ಉಸಿರು ಬಿಡೋಕೂ ಬಿಡದ ಹಾಗೆ. ಮಗುವಿನ ಕಣ್ಣು ಒಂದೇ ಕಡೆ ನಿಲ್ಲುತ್ತದೆ. ಕರೆದರೆ ಓಗೊಡುವುದಿಲ್ಲ. ಆಮೇಲೆ ಕೈಕಾಲು ಸೆಟೆಯುತ್ತದೆ. ಮುಂದಿನ ಹಬ್ಬಕ್ಕೂ ಹೀಗೇ. ಬಚ್ಚಲಲ್ಲೇ ಆಗುತ್ತದೆ ಅಂದ ಮೇಲೆ ಮನೆಯವರು ಏನಂದುಕೊಳ್ಳುತ್ತಾರೆ? ಗಾಳಿ, ದೆವ್ವ. ಕೈಗೆ ಬೀಗದ ಕೈ ಹಿಡಿಸುತ್ತಾರೆ, ತಾಯತ ಕಟ್ಟಿಸುತ್ತಾರೆ. ಜಗತ್ತಿನಲ್ಲಿ ಅಪರೂಪವಾದ ಈ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಮಾಮೂಲಿ. ಮದ್ದು ಏನು ಗೊತ್ತಾ? ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರು, ನಿಧಾನಕ್ಕೆ ಹಾಕುವುದು, ಅಷ್ಟೇ. ಕೆಲವರಿಗೆ ತಲೆಸ್ನಾನಕ್ಕೆ ಮೊದಲು ಒಂದು ಮಾತ್ರೆ. ಇನ್ನು ಕೆಲವರಿಗೆ ದಿನವೂ ಔಷಧ.

ಈಗ ಯೋಚನೆ ಮಾಡಿ. ಬೆಂಗಳೂರಿನ ತಜ್ಞರಿಗೆ ಮೆದುಳು ಗೊತ್ತು. ಆದರೆ ಯಾವ ಬೀದಿಯ ಯಾವ ಮನೆಯ ಬಚ್ಚಲಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಿರುವುದು ಮನೆ ಸುತ್ತಿದವರಿಗೆ. ಅವರು ಹೇಳದಿದ್ದರೆ ತಜ್ಞರಿಗೆ ರೋಗಿ ಸಿಗುವುದಿಲ್ಲ. ತಜ್ಞರು ತಿರುಗಿ ಹೇಳದಿದ್ದರೆ ಇವರ ಕೈಯಲ್ಲಿ ಮದ್ದಿಲ್ಲ. ಫಿನೊಬಾರ್ಬಿಟಾಲ್, ಫೆನಿಟಾಯಿನ್ ಅನ್ನುವ ಹಳೆಯ, ಅಗ್ಗದ ಮಾತ್ರೆಗಳನ್ನೇ ಬಿಡದೆ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. ಹಳ್ಳಿಯಲ್ಲೂ ಮೂರ್ಛೆಯನ್ನು ಹತೋಟಿಗೆ ತರಬಹುದು ಅಂತ ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಹೆಸರಿನಲ್ಲೇ ಯಳಂದೂರು ಇಟ್ಟುಕೊಂಡು. ಯಳಂದೂರು ಅಂದರೆ ರೇಷ್ಮೆ ಅಂತ ಮಾತ್ರ ಗೊತ್ತಿದ್ದವರು ಇದನ್ನೂ ನೆನಪಿಟ್ಟುಕೊಳ್ಳಿ.

ಅದೇ ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟಿತು. ಆಮೇಲೆ ಬೇರೆ ರಾಜ್ಯಗಳಲ್ಲೂ ಹೀಗೆ ನಡೆಯಿತು. ಸರ್ಕಾರಿ ಆಸ್ಪತ್ರೆಯನ್ನು ಬೇರೆಯವರ ಕೈಗೆ ಕೊಡುವ ವಿಚಾರದಲ್ಲಿ ನನಗೆ ಅನುಮಾನಗಳಿವೆ. ಕುಷ್ಠದ ಮನೆಗಳನ್ನು ಹತ್ತು ವರ್ಷ ಸುತ್ತಿದವರಿಗೆ ಕೊಡುವುದೇ ಬೇರೆ, ಟೆಂಡರ್ ಹಾಕಿದ ಯಾರಿಗೋ ಕೊಡುವುದೇ ಬೇರೆ. ಇದರ ಬಗ್ಗೆ ಜಗಳ ಆಡುವವರು ಚಹಾದ ಹೊತ್ತಿನಲ್ಲಿ ಸಿಗಿ.

ಬಳ್ಳಾರಿಯ ವಿಷಯ ಇನ್ನೂ ಹಳೆಯದು. ಮನಸ್ಸಿನ ಕಾಯಿಲೆಗೆ ಆಗ ಬೆಂಗಳೂರಿನ ನಿಮ್ಹಾನ್ಸ್‌ವರೆಗೂ ಬರುತ್ತಿದ್ದರು. ಸುಮಾರು 300 ಕಿಲೋಮೀಟರ್. ಕಾಯಿಲೆ ಇರುವವನನ್ನು ಬಸ್ಸಿನಲ್ಲಿ ಹಿಡಿದುಕೊಂಡು ರಾತ್ರಿಯೆಲ್ಲ ಬರುವುದು ಅಂದರೆ ಏನು ಅಂತ ಬಂದವರಿಗೇ ಗೊತ್ತು. 1985ರಿಂದ ನಿಮ್ಹಾನ್ಸ್‌ನವರು ಬೇರೆ ದಾರಿ ಹಿಡಿದರು. ಬೆಂಗಳೂರು ಹತ್ತಿರ ಸಕಲವಾರದಲ್ಲಿ ಮೊದಲೇ ಹಳ್ಳಿಗಳಲ್ಲಿ ಕೆಲಸ ಮಾಡಿ ಅಭ್ಯಾಸ ಇತ್ತು. ಅದನ್ನೇ ಬಳ್ಳಾರಿಯ ಇಡೀ ಜಿಲ್ಲೆಗೆ ಹರಡಿದರು. ಆರೋಗ್ಯ ಕೇಂದ್ರದ ಡಾಕ್ಟರಿಗೆ, ಕಾರ್ಯಕರ್ತರಿಗೆ ಸಣ್ಣ ತರಬೇತಿ, ಬೆರಳೆಣಿಕೆಯ ಔಷಧ. ಜಿಲ್ಲಾ ಕೇಂದ್ರದಲ್ಲಿ ಒಂದು ಮನೋವೈದ್ಯರ ತಂಡ. ತಿಂಗಳ ವರದಿ, ಅದರ ಮೇಲೆ ಮಾತುಕತೆ. 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಮಾದರಿಯಾಗಿ ಇಟ್ಟುಕೊಂಡಿದ್ದು ಬಳ್ಳಾರಿಯನ್ನೇ. ದೇಶಕ್ಕೆ ಹರಡುವಾಗ ತರಬೇತಿ ಹೋಯಿತು, ಔಷಧದ ಪಟ್ಟಿ ಹೋಯಿತು. ತಿಂಗಳ ಮಾತುಕತೆ ಎಷ್ಟೋ ಕಡೆ ಹೋಗಲಿಲ್ಲ. ಮೂರು ದಿನ ತರಬೇತಿ ಪಡೆದು ಬಂದವನಿಗೆ ನಾಲ್ಕನೇ ದಿನ ಅನುಮಾನ ಬಂದರೆ ಯಾರನ್ನು ಕೇಳಬೇಕು? ಆ ನಾಲ್ಕನೇ ದಿನದವರಲ್ಲಿ ನಾನೂ ಒಬ್ಬ.

ಈ ನಾಲ್ಕನೇ ದಿನದ ಕಷ್ಟವನ್ನು ಬಗೆಹರಿಸಿದ ಒಂದು ಕೆಲಸ ಅಮೆರಿಕದಲ್ಲಿ ನಡೆಯಿತು. ನ್ಯೂ ಮೆಕ್ಸಿಕೋ ಅಂತ ಒಂದು ರಾಜ್ಯ. ಕರ್ನಾಟಕದ ಒಂದೂವರೆ ಪಟ್ಟಿಗಿಂತ ದೊಡ್ಡದು. ಜನ ಮಾತ್ರ ಸುಮಾರು 20 ಲಕ್ಷ, ಅದರಲ್ಲೂ ಬಡವರು ಜಾಸ್ತಿ. ಅಲ್ಲಿ ಹೆಪಟೈಟಿಸ್ ಸಿ ಅನ್ನುವ ಲಿವರ್ ಕಾಯಿಲೆಗೆ ಚಿಕಿತ್ಸೆ ಕೊಡುವ ತಜ್ಞರು ಬೆರಳೆಣಿಕೆ. ಅವರಲ್ಲೊಬ್ಬರು ಭಾರತದಿಂದ ಹೋದ ಡಾ. ಸಂಜೀವ್ ಅರೋರಾ. ಅವರನ್ನು ನೋಡಲು ಎಂಟು ತಿಂಗಳು ಕಾಯಬೇಕಿತ್ತು. ಔಷಧವೂ ಆಗ ಒರಟು. ತಿಂಗಳುಗಟ್ಟಲೆ ಇಂಜೆಕ್ಷನ್, ಜ್ವರ, ರಕ್ತ ಕಡಿಮೆಯಾಗುವುದು, ಮನಸ್ಸು ಕುಗ್ಗುವುದು. ಪದೇಪದೇ ನೂರಾರು ಮೈಲಿ ಓಡಾಡಲು ಯಾರಿಂದಾಗುತ್ತದೆ? 2003ರಲ್ಲಿ ಅವರು ರೋಗಿಯ ಓಡಾಟ ತಪ್ಪಿಸಲು, ಹಳ್ಳಿಯ ಡಾಕ್ಟರುಗಳನ್ನೂ ಜೈಲಿನ ಡಾಕ್ಟರುಗಳನ್ನೂ ವಾರಕ್ಕೊಮ್ಮೆ ವಿಡಿಯೋದಲ್ಲಿ ಕೂರಿಸಿದರು. ಒಬ್ಬೊಬ್ಬರೂ ತಮ್ಮ ರೋಗಿಯ ವಿಷಯ ಹೇಳಬೇಕು, ಹೆಸರು ಮಾತ್ರ ಹೇಳಬಾರದು. ತಜ್ಞರು ಸಲಹೆ ಕೊಡುತ್ತಾರೆ, ಉಳಿದವರು ಕೇಳಿ ಕಲಿಯುತ್ತಾರೆ. ಮುಂದಿನ ವಾರ ಮತ್ತೆ ಅದೇ ರೋಗಿ, ಏನಾಯಿತು ಹೇಳಿ ಅಂತ. ಎಕೋ ಅಂತ ಅದಕ್ಕೆ ಹೆಸರು. ಹೆಸರೇ ನೋಡಿ, ಪ್ರತಿಧ್ವನಿ. ಕೂಗಿದರೆ ತಿರುಗಿ ಕೇಳಿಸಬೇಕು.

ಹಳ್ಳಿ ಡಾಕ್ಟರಿಗೆ ಇದೆಲ್ಲ ಆಗುತ್ತಾ ಅಂತ ಅನುಮಾನ ಪಟ್ಟವರು ಇದ್ದೇ ಇರುತ್ತಾರೆ. 407 ರೋಗಿಗಳ ಲೆಕ್ಕ 2011ರಲ್ಲಿ ಬಂತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನೂರಕ್ಕೆ 57.5 ಜನ ವೈರಸ್‌ನಿಂದ ಬಿಡುಗಡೆಯಾದರು. ಹಳ್ಳಿ ಮತ್ತು ಜೈಲಿನ ಕ್ಲಿನಿಕ್ಕುಗಳಲ್ಲಿ 58.2. ಅಂದರೆ ಎರಡೂ ಒಂದೇ. ಈ ಲೆಕ್ಕ ಓದಿದ ದಿನ ನನಗೆ ಯಾರೋ ನನ್ನ ಪರವಾಗಿ ಸಾಕ್ಷಿ ಹೇಳಿದ ಹಾಗಾಯಿತು. ನಿಮ್ಹಾನ್ಸ್ ಇದೇ ಪದ್ಧತಿಯನ್ನು ಮನಸ್ಸಿನ ಕಾಯಿಲೆ, ಕುಡಿತದ ಚಟದ ಚಿಕಿತ್ಸೆಗೆ ತಂದುಕೊಂಡು ಬೇರೆ ರಾಜ್ಯದ ಡಾಕ್ಟರುಗಳಿಗೂ ಕಲಿಸುತ್ತಿದೆ. ಮನೆಯವರೇ ನೇರವಾಗಿ ಮಾತಾಡಬೇಕು ಅಂದರೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ. 14416. ಬರೆದುಕೊಳ್ಳಿ, ಪುಕ್ಕಟೆ.

ದುಡ್ಡಿನ ವಿಷಯ ಬಿಟ್ಟರೆ ಈ ಮಾತು ಬರೀ ಗಾಳಿ. 2003ರಲ್ಲಿ ಯಶಸ್ವಿನಿ ಆರೋಗ್ಯ ವಿಮೆ ಬಂದಾಗ ರೈತರು ತಿಂಗಳಿಗೆ ₹5 ಕಟ್ಟುತ್ತಿದ್ದರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಷ್ಟು ಜನರನ್ನು ಸೇರಿಸಿದ್ದು ಯಾವ ಇನ್ಶೂರೆನ್ಸ್ ಏಜೆಂಟೂ ಅಲ್ಲ. ಸೊಸೈಟಿಗಳು, ಹಾಲಿನ ಡೇರಿಗಳು. ಬೆಳಗ್ಗೆ ಹಾಲು ಹಾಕಲು ಬಂದವರ ಹತ್ತಿರವೇ ಹೇಳಿ ಬರೆಸಿದರೆ ಕೆಲಸ ಮುಗಿಯಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಸೇರಿಸಿದರು, 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು. ಬಡವರ ಮನೆಯಲ್ಲಿ ಹೃದಯದ ಆಪರೇಷನ್ ಆಗುವುದಕ್ಕೆ ಇದು ದಾರಿ ಮಾಡಿತು, ಅದು ಸಣ್ಣದಲ್ಲ. ಆದರೆ ಅದು ಮುಖ್ಯವಾಗಿ ಆಪರೇಷನ್ನಿನ ಯೋಜನೆ. ಮನೆಗೆ ಬಂದ ಮೇಲಿನ ಮಾತ್ರೆ, ಮತ್ತೆ ಆ ಸೀರೆ ಅಂಗಡಿ ಕವರ್ರೇ.

ಕೆಲವರನ್ನು ಕವರ್ ಕೂಡ ಹಿಂಬಾಲಿಸುವುದಿಲ್ಲ. ಎಚ್.ಡಿ. ಕೋಟೆ ಕಡೆಯ ಹಾಡಿಗಳಿಂದ ಜೇನುಕುರುಬರು, ಯರವರು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಕ್ಷಯದ ಮಾತ್ರೆ ಎರಡು ತಿಂಗಳು ನುಂಗಿದವನು ಮೂರನೇ ತಿಂಗಳು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇರುತ್ತಾನೆ. ನಮ್ಮ ಪುಸ್ತಕದಲ್ಲಿ ಅವನು 'ಚಿಕಿತ್ಸೆ ಬಿಟ್ಟವನು'. ಅವನು ಚಿಕಿತ್ಸೆ ಬಿಟ್ಟಿಲ್ಲ, ಜಿಲ್ಲೆ ಬಿಟ್ಟಿದ್ದಾನೆ. ಈಗ ಪ್ರತಿ ಕ್ಷಯ ರೋಗಿಗೂ ಸರ್ಕಾರದ ಕಂಪ್ಯೂಟರಿನಲ್ಲಿ ನಿಕ್ಷಯ್ ನಂಬರ್ ಇದೆ, ಬೇರೆ ಜಿಲ್ಲೆಗೆ ವರ್ಗ ಮಾಡಬಹುದು. ಒಳ್ಳೇದೇ. ಆದರೆ ಯಾವ ತೋಟ ಅಂತ ಕಂಪ್ಯೂಟರಿಗೆ ಗೊತ್ತಿರಲ್ಲ. ಹಾಡಿಯ ಆಶಾಗೆ ಗೊತ್ತಿರುತ್ತದೆ, ಇಲ್ಲಾಂದರೆ ಜೀಪಿನಲ್ಲಿ ಕರೆದುಕೊಂಡು ಹೋದ ಮೇಸ್ತ್ರಿಗೆ.

ಆ ಸಭೆಯ ಪ್ರಶ್ನೆ ಆದಮೇಲೆ ನಾವು ಮಾಡಿದ್ದು ತೀರಾ ಸಣ್ಣ ಕೆಲಸ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದೆವು. ಗೆರೆ ಎಳೆದು ಹೆಸರು, ಊರು, ಯಾರು ಕಳಿಸಿದರು, ಎಲ್ಲಿಗೆ ಕಳಿಸಿದೆವು ಅಂತ ಬರೆದೆವು. ಕೊನೇ ಕಾಲಂಗೆ ಆ ಆಶಾ ಅಕ್ಕನೇ ಹೆಸರಿಟ್ಟರು, 'ಉತ್ತರ'. ಮೊದಲ ಮೂರು ತಿಂಗಳು ಆ ಕಾಲಂ ಖಾಲಿ. ಆಮೇಲೆ ನಾನು ನಾಚಿಕೆ ಬಿಟ್ಟು ದೊಡ್ಡಾಸ್ಪತ್ರೆಯ ವಾರ್ಡಿನ ಸಿಸ್ಟರ್ ಒಬ್ಬರ ಪರಿಚಯ ಮಾಡಿಕೊಂಡೆ. ಡಾಕ್ಟರುಗಳು ಬದಲಾಗುತ್ತಿರುತ್ತಾರೆ, ಸಿಸ್ಟರ್ ಇರುತ್ತಾರೆ. ನಮ್ಮ ಕಡೆಯ ರೋಗಿ ಡಿಸ್ಚಾರ್ಜ್ ಆದ ದಿನ ಆಕೆ ಒಂದು ಫೋನ್ ಮಾಡುತ್ತಿದ್ದರು. ನಮ್ಮೂರಿಗೆ ಬರುವ ಕಡೇ ಬಸ್ಸಿನ ಕಂಡಕ್ಟರ್ ಕೂಡ ಸೇರಿಕೊಂಡರು. ಬಸ್ಸಲ್ಲಿ ಎಕ್ಸ್‌ರೇ ಕವರ್ ಕಂಡರೆ 'ನಾಳೆ ಡಾಕ್ಟ್ರಿಗೆ ತೋರ್ಸಿ' ಅಂತ ಹೇಳಿ ಕಳಿಸುವುದು ಅವರೇ ಶುರು ಮಾಡಿದ್ದು. ನಾನು ಕೇಳಿಕೊಂಡಿರಲಿಲ್ಲ.

ಉತ್ತರದ ಕಾಲಂ ತುಂಬುತ್ತಾ ಬಂದ ಹಾಗೆ ಇನ್ನೊಂದು ಆಯಿತು. ಆಶಾಗಳು ಬೇಗ ಕಳಿಸಲು ಶುರು ಮಾಡಿದರು. ಮೊದಲು ಕಳಿಸಿದ ಬಸುರಿಗೆ ಬಿಪಿ ಇತ್ತು ಅಂತ ಗೊತ್ತಾದರೆ, ಮುಖ ಊದಿದ ಮುಂದಿನ ಬಸುರಿಯನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ ಅಲ್ವಾ? ಅವರಿಗೆ ಕೊಟ್ಟ ಯಾವ ತರಬೇತಿಯೂ ಆ ಪುಸ್ತಕದಷ್ಟು ಕಲಿಸಲಿಲ್ಲ. ನನಗೂ ಅಷ್ಟೇ. ನಾನು ಕಳಿಸಿದ್ದರಲ್ಲಿ ಎಷ್ಟು ಕಳಿಸಬೇಕಿರಲಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಅದನ್ನು ಇಲ್ಲಿ ಎಣಿಸಿ ಹೇಳುವುದಿಲ್ಲ.

ಈಗ ಪುಸ್ತಕದ ಬದಲು ವಾಟ್ಸ್ಆ್ಯಪ್ ಗುಂಪು ಇದೆ. ಒಳ್ಳೇದು, ಆದರೆ ಒಂದು ಮಾತು. ರೋಗಿಯ ಹೆಸರಿರುವ ಕಾಗದವನ್ನು ಐವತ್ತು ಜನರ ಗುಂಪಿಗೆ ಹಾಕಬೇಡಿ. ಅದರಲ್ಲಿ ಅವರ ಪಕ್ಕದ ಮನೆಯವರೂ ಇರುತ್ತಾರೆ.

ಇಷ್ಟು ಹೇಳಿ ಕೂತೆ. ಪ್ರಶ್ನೆ ಕೇಳಿ ಅಂದರು, ಮೂರು ಜನ ಕೇಳಿದರು, ಮೂವರೂ ಮುಂದಿನ ಸಾಲಿನವರು. ಎಲ್ಲ ಮುಗಿದು ನಾನು ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ ಹಿಂದಿನ ಸಾಲಿನ ಒಬ್ಬ ಆಶಾ ಅಕ್ಕ ಬಂದರು. ಫೋನ್ ಮುಂದೆ ಹಿಡಿದರು. ಡಿಸ್ಚಾರ್ಜ್ ಕಾಗದದ ಫೋಟೋ. ಅವರ ಊರಿನ ಬಾಣಂತಿಯದು. ಯಾರೋ ಮೇಲಿನವರಿಗೆ ಹನ್ನೊಂದು ದಿನದ ಹಿಂದೆ ಕಳಿಸಿದ್ದರು, ಹೆಸರಿನ ಜಾಗಕ್ಕೆ ಬೆರಳು ಅಡ್ಡ ಇಟ್ಟು ಫೋಟೋ ತೆಗೆದಿದ್ದರು. ಕೆಳಗೆ 'ಇದರಲ್ಲಿ ಏನಿದೆ ಸಾರ್' ಅಂತ ಕನ್ನಡದಲ್ಲಿ ಬರೆದಿತ್ತು. ಪಕ್ಕದಲ್ಲಿ ಎರಡು ನೀಲಿ ಗೆರೆ. ಅದರ ಕೆಳಗೆ ಏನೂ ಇಲ್ಲ.

ಕನ್ನಡಕ ಹಾಕಿಕೊಂಡು ಅಲ್ಲೇ ನಿಂತು ಓದಿದೆ. ಥೈರಾಯ್ಡ್ ಮಾತ್ರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧ ಗಂಟೆ ಮುಂಚೆ. ಆರು ವಾರ ಆದಮೇಲೆ ಒಂದು ರಕ್ತ ಪರೀಕ್ಷೆ. ಆಕೆ ಕಂಕುಳಲ್ಲಿದ್ದ ಡೈರಿ ತೆಗೆದು, ಮೆಟ್ಟಿಲ ಮೇಲೆ ಕೂತು ಬರೆದುಕೊಂಡರು. 'ಆರು ವಾರ ಅಂದ್ರೆ ಡಿಸ್ಚಾರ್ಜ್ ಆದ ದಿನದಿಂದಾನಾ ಸಾರ್, ಇವತ್ತಿಂದಾನಾ?' ಅಂತ ಕೇಳಿದರು.